ಅಪರೂಪದ ಗಳಿಗೆಗೆ ನಿತ್ಯದ ತಾಲೀಮು

ಕರ್ನಾಟಕದಲ್ಲಿ ಇಂದು ನೂರಕ್ಕೆ ತೊಂಬತ್ತೇಳು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಒಂದು ತಲೆಮಾರಿನ ಹಿಂದೆ ಬಸುರಿಯನ್ನು ಆಸ್ಪತ್ರೆಯ ಬಾಗಿಲಿಗೆ ತರುವುದೇ ದೊಡ್ಡ ಕೆಲಸವಾಗಿತ್ತು. 2005ರ ಜನನಿ ಸುರಕ್ಷಾ ಯೋಜನೆ, ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರು, 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್ ಸೇರಿ ಆ ಕೆಲಸವನ್ನು ಬಹುಪಾಲು ಮುಗಿಸಿವೆ. ಆದರೂ 2019-21ರ ಮಾದರಿ ನೋಂದಣಿ ವರದಿಯ ಪ್ರಕಾರ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 63 ತಾಯಂದಿರು ಸಾಯುತ್ತಿದ್ದರು. ಅದೇ ವರದಿಯಲ್ಲಿ ಕೇರಳದ ಸಂಖ್ಯೆ 20, ತಮಿಳುನಾಡಿನದು 49. ದಕ್ಷಿಣದ ರಾಜ್ಯಗಳ ಪೈಕಿ ನಮ್ಮದೇ ಹೆಚ್ಚು. ಆಸ್ಪತ್ರೆಗೆ ಬಂದ ಮೇಲೂ ತಾಯಂದಿರು ಉಳಿಯುತ್ತಿಲ್ಲವೆಂದರೆ, ಹೆರಿಗೆ ಎಲ್ಲಿ ಆಗುತ್ತಿದೆ ಎಂಬ ಹಳೆಯ ಪ್ರಶ್ನೆಯನ್ನು ಬಿಟ್ಟು, ಆ ಹೊತ್ತಿನಲ್ಲಿ ಹೆರಿಗೆ ಕೋಣೆಯಲ್ಲಿ ಯಾರಿದ್ದಾರೆ, ಅವರ ಕೈಗೆ ಏನು ಬರುತ್ತದೆ ಎಂದು ಕೇಳಬೇಕಾಗುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡುರಾತ್ರಿ ಹೆರಿಗೆ ಮಂಚದ ಪಕ್ಕದಲ್ಲಿ ಮೊದಲು ನಿಂತಿರುವವರು ಸ್ಟಾಫ್ ನರ್ಸ್. ವೈದ್ಯರು ಓಡಿ ಬರುವವರೆಗಿನ ನಿಮಿಷಗಳು ಅವರ ಕೈಯಲ್ಲಿವೆ. ಆ ನಿಮಿಷಗಳಿಗೆ ಅವರನ್ನು ಸಜ್ಜುಗೊಳಿಸುವ ಬಗೆ ಯಾವುದು ಎಂಬುದೇ ಈ ಅಧ್ಯಾಯದ ವಿಷಯ.

ಹೆರಿಗೆಯ ಗಂಡಾಂತರಗಳು ಬಲು ವೇಗವಾಗಿ ಬರುತ್ತವೆ, ಆದರೆ ಅಪರೂಪಕ್ಕೆ ಬರುತ್ತವೆ. ಮೊದಲು ವೇಗವನ್ನು ನೋಡೋಣ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದೊಡನೆ ಗರ್ಭಕೋಶದ ಸ್ನಾಯುಗಳು ಬಿಗಿದುಕೊಳ್ಳಬೇಕು. ಹಾಗೆ ಬಿಗಿದಾಗಲೇ ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಹಿಂಡಿಕೊಂಡು ಮುಚ್ಚುತ್ತವೆ. ಸ್ನಾಯು ಸಡಿಲವಾಗಿಯೇ ಉಳಿದರೆ ಆ ನಾಳಗಳು ತೆರೆದೇ ಇರುತ್ತವೆ. ಚಿಕಿತ್ಸೆ ಸಿಗದ ತೀವ್ರ ರಕ್ತಸ್ರಾವ ಎರಡು ಗಂಟೆಗಳೊಳಗೆ ಆರೋಗ್ಯವಂತ ಹೆಣ್ಣುಮಗಳ ಜೀವ ತೆಗೆಯಬಲ್ಲದು. ಶಿಶುವಿನ ಲೆಕ್ಕ ಇನ್ನೂ ಚಿಕ್ಕದು. ಹುಟ್ಟಿದ ಮಗು ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡುವುದು ಶುರುವಾಗಬೇಕು. ಮಳವಳ್ಳಿಯಿಂದ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ಗೆ ಆಂಬುಲೆನ್ಸ್ ಸೇರಲು ಮುಕ್ಕಾಲು ಗಂಟೆಯಾದರೂ ಬೇಕು. ಹಲಗೂರಿನ ಆಚೆಯ ಹಳ್ಳಿಗಳಿಂದ ಇನ್ನೂ ಹೆಚ್ಚು. ಮದ್ದೂರು ಹೆದ್ದಾರಿಯ ಮೇಲೇ ಇದ್ದು ಮಂಡ್ಯಕ್ಕೆ ಸುಮಾರು 20 ಕಿಲೋಮೀಟರ್ ಅಷ್ಟೇ ಆದರೂ, ಉಸಿರಾಡದ ಕೂಸಿಗೆ ಆ ದೂರವೂ ದಾಟಲಾಗದ ದೂರ. ದೊಡ್ಡ ಆಸ್ಪತ್ರೆಗೆ ಕಳಿಸುವುದು ಚಿಕಿತ್ಸೆಯ ಒಂದು ಭಾಗ ಮಾತ್ರ. ಕಳಿಸುವ ಮುನ್ನ ಮಾಡಬೇಕಾದ ಕೆಲಸ ಅಲ್ಲೇ, ಇದ್ದವರ ಕೈಯಲ್ಲೇ ಆಗಬೇಕು.

ಇನ್ನು ಅಪರೂಪದ ಮಾತು. ನೂರು ಹೆರಿಗೆಗೆ ಒಂದರಲ್ಲಿ ಬರುವ ತೊಡಕೊಂದಿದೆ ಎಂದಿಟ್ಟುಕೊಳ್ಳೋಣ. ತಲೆ ಹೊರಬಂದ ಮೇಲೆ ಮಗುವಿನ ಭುಜ ತಾಯಿಯ ಮೂಳೆಗೆ ಸಿಕ್ಕಿಕೊಳ್ಳುವುದು ಹೆಚ್ಚೂಕಡಿಮೆ ಆ ಪ್ರಮಾಣದ ತೊಡಕು. ವರ್ಷಕ್ಕೆ ನೂರು ಹೆರಿಗೆ ಮಾಡಿಸುವ ನರ್ಸ್ ಅದನ್ನು ಒಮ್ಮೆಯೂ ಕಾಣದೆ ವರ್ಷ ಮುಗಿಸುವ ಸಂಭವ ಶೇಕಡ 37. ಐನೂರಕ್ಕೆ ಒಂದರಂತೆ ಬರುವ ತೊಡಕಾದರೆ ಆ ಸಂಭವ ಶೇಕಡ 82ಕ್ಕೆ ಏರುತ್ತದೆ. ಕೆಲಸಕ್ಕೆ ಸೇರಿ ಒಂದು ವರ್ಷವಾದ ಹೆಚ್ಚಿನ ನರ್ಸ್‌ಗಳು ಅತ್ಯಂತ ಭೀಕರ ಗಂಡಾಂತರಗಳಲ್ಲಿ ಕೆಲವನ್ನು ಕಣ್ಣಾರೆ ಕಂಡೇ ಇರುವುದಿಲ್ಲ ಎಂಬುದು ಯಾರ ತಪ್ಪೂ ಅಲ್ಲ, ಅದು ಗಣಿತ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ, 2018ರಲ್ಲಿ ಪದ್ಮಶ್ರೀ ಪಡೆದ ಆ ಮಹಾತಾಯಿ, ತಮ್ಮ ಜೀವಮಾನದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಅಷ್ಟು ಹೆರಿಗೆಗಳಲ್ಲಿ ಅಪರೂಪದ ತೊಡಕೂ ಹತ್ತಾರು ಸಲ ಎದುರಾಗಿರುತ್ತದೆ. ಅವರ ಕೈಗೆ ಪಳಗಿದ ಜ್ಞಾನ ಬಂದದ್ದು ಆ ದಾರಿಯಿಂದ. ಇಂದಿನ ಇಪ್ಪತ್ತೆರಡರ ನರ್ಸ್‌ಗೆ ಆ ದಾರಿ ತೆರೆದಿಲ್ಲ. ತೆರೆದಿದ್ದರೂ, ಕಲಿಯುವ ಕಾಲದ ತಪ್ಪುಗಳ ಬೆಲೆಯನ್ನು ಬಡ ಬಾಣಂತಿಯರು ತೆರಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಅನುಭವ ತಾನಾಗಿ ಬರುವವರೆಗೆ ಕಾಯಲಾಗದಿದ್ದರೆ, ಅನುಭವವನ್ನು ಕಟ್ಟಿಕೊಡಬೇಕು.

ಹಾಗೆ ಕಟ್ಟಿಕೊಡುವ ಯೋಚನೆ ಹೊಸದಲ್ಲ. 1759ರಲ್ಲಿ ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿ, ಮದಾಂ ದ್ಯು ಕುದ್ರೇ ಎಂಬ ಸೂಲಗಿತ್ತಿಗೆ ಹಳ್ಳಿಹಳ್ಳಿಯ ಹೆಂಗಸರಿಗೆ ಹೆರಿಗೆಯ ವಿದ್ಯೆ ಕಲಿಸುವ ಹೊಣೆ ಕೊಟ್ಟ. ಆಕೆ ಬಟ್ಟೆ, ತೊಗಲು, ಹತ್ತಿಗಳಿಂದ ಹೆಣ್ಣಿನ ಸೊಂಟದ ಭಾಗವನ್ನೂ ಕೂಸನ್ನೂ ಹೊಲಿದು ಮಾಡಿ, ಊರೂರು ತಿರುಗಿ ಸಾವಿರಾರು ಮಂದಿಯ ಕೈ ಪಳಗಿಸಿದಳು. ಇಂದು ಬಳಕೆಯಲ್ಲಿರುವ ಮಾಮಾನಟಾಲಿ ಎಂಬ ಸಾಧನದ ಹಿಂದಿರುವುದೂ ಅದೇ ತತ್ತ್ವ. ತರಬೇತುದಾರಳೇ ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಮಂಚದ ಮೇಲೆ ಕೂರುತ್ತಾಳೆ, ನೋವು ತಿನ್ನುತ್ತಾಳೆ, ಕೂಗುತ್ತಾಳೆ; ಒಳಗಿನ ಚೀಲದಿಂದ ಕೆಂಪು ನೀರು ರಕ್ತದಂತೆ ಹರಿಯುತ್ತದೆ. ಅದರ ಜೊತೆಗಾರ ನಿಯೋನಟಾಲಿ ಎಂಬ ಶಿಶುಬೊಂಬೆಗೆ ಮಾಸ್ಕ್ ಸರಿಯಾಗಿ ಕೂತರೆ ಮಾತ್ರ ಎದೆ ಏಳುತ್ತದೆ, ಅಂಚಿನಿಂದ ಗಾಳಿ ಸೋರಿದರೆ ಏಳುವುದಿಲ್ಲ. ಬಿಹಾರದ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ ಕೋಣೆಯ ಪ್ಯಾಂಟನ್ನೇ ತಿದ್ದಿ ಹೊಲಿದು ಇಂಥ ಅಭ್ಯಾಸ ನಡೆಸಿದ್ದಾರೆ. ಹೀಗೆ ಒಂದು ಗಂಡಾಂತರವನ್ನು ಹೂಡುವುದು, ತಂಡ ಅದನ್ನು ನಿಭಾಯಿಸುವುದು, ಮುಗಿದ ಕೂಡಲೇ ಎಲ್ಲರೂ ಕೂತು ಯಾವ ನಿಮಿಷದಲ್ಲಿ ಏನಾಯಿತು, ಏನು ತಡವಾಯಿತು ಎಂದು ಬೈಗುಳವಿಲ್ಲದೆ ಮಾತಾಡಿಕೊಳ್ಳುವುದು, ಇದನ್ನೇ ಸಿಮ್ಯುಲೇಷನ್ ತರಬೇತಿ ಎನ್ನುತ್ತಾರೆ. ನಾನು ತಾಲೀಮು ಎನ್ನುತ್ತೇನೆ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವವರು ಒಂದು ರಾತ್ರಿಯ ಆಟಕ್ಕೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಮಾತನ್ನು ಬಾಯಿಪಾಠ ಮಾಡಿಕೊಂಡಷ್ಟಕ್ಕೆ ಯಾರನ್ನೂ ರಂಗಕ್ಕೆ ಹತ್ತಿಸುವುದಿಲ್ಲ.

ಓದಿದ್ದು ಸಾಕಾಗುವುದಿಲ್ಲ ಏಕೆ? ಫಿಟ್ಸ್ ಬಂದ ಗರ್ಭಿಣಿಯ ಉದಾಹರಣೆ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಡಬೇಕು: ಒಂದೊಂದು ಪಿರ್ರೆಗೆ 5 ಗ್ರಾಂ, ಒಟ್ಟು 10 ಗ್ರಾಂ. ಪರೀಕ್ಷೆಯಲ್ಲಿ ಈ ಉತ್ತರ ಬರೆಯದ ನರ್ಸಿಂಗ್ ವಿದ್ಯಾರ್ಥಿನಿ ಸಿಗುವುದು ಕಷ್ಟ. ಆದರೆ ಸಾಮಾನ್ಯವಾಗಿ ಸಿಗುವ 2 ಮಿಲಿಲೀಟರಿನ ಆಂಪ್ಯೂಲ್ ಒಂದರಲ್ಲಿ ಇರುವುದು 1 ಗ್ರಾಂ. ಅಂದರೆ ಹತ್ತು ಆಂಪ್ಯೂಲ್ ಮುರಿಯಬೇಕು, 10 ಮಿಲಿಲೀಟರಿನ ಎರಡು ಸಿರಿಂಜ್ ತುಂಬಬೇಕು. ಅದೇ ಹೊತ್ತಿಗೆ ಒಬ್ಬರು ಹೆಂಗಸನ್ನು ಮಗ್ಗುಲಾಗಿ ಮಲಗಿಸಿ ಉಸಿರಿನ ದಾರಿ ಕಾಯಬೇಕು, ಇನ್ನೊಬ್ಬರು ವೈದ್ಯರಿಗೂ 108ಕ್ಕೂ ಫೋನ್ ಮಾಡಬೇಕು, ಹೊರಗೆ ಅಳುತ್ತಿರುವ ಅತ್ತೆ, ಗಂಡನಿಗೆ ಯಾರಾದರೂ ಉತ್ತರ ಹೇಳಬೇಕು. ಬೆದರಿದ ಮನಸ್ಸಿಗೆ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳಲಾಗುವ ಸಂಗತಿಗಳು ಬಹಳ ಕಡಿಮೆ. ಗೊತ್ತಿದ್ದದ್ದು ಆಗ ನೆನಪಿಗೆ ಬರುವುದಿಲ್ಲ. ಮಾಡಿ ಮಾಡಿ ಕೈಗೆ ಹತ್ತಿದ್ದು ಮಾತ್ರ ಬರುತ್ತದೆ. ಸಿಕ್ಕಿಕೊಂಡ ಭುಜದ ವಿಷಯದಲ್ಲಂತೂ ಕಲಿಕೆ ಸಹಜ ಪ್ರವೃತ್ತಿಗೇ ಎದುರಾಗಿ ನಿಲ್ಲಬೇಕು. ತಲೆ ಕಂಡವರ ಕೈ ತಾನಾಗಿ ಎಳೆಯಲು ಹೋಗುತ್ತದೆ, ಎಳೆದರೆ ಮಗುವಿನ ತೋಳಿನ ನರಗಳು ಹರಿಯಬಹುದು. ಎಳೆಯದೆ, ತಾಯಿಯ ತೊಡೆಗಳನ್ನು ಹೊಟ್ಟೆಯ ಮೇಲಕ್ಕೆ ಚೆನ್ನಾಗಿ ಮಡಿಸಿ, ಕಿಬ್ಬೊಟ್ಟೆಯ ಮೂಳೆಯ ಮೇಲ್ಭಾಗದಲ್ಲಿ ಒತ್ತಡ ಕೊಡಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಇದನ್ನು ಬೊಂಬೆಯ ಮೇಲೆ ಎಲ್ಲರೂ ಅಭ್ಯಾಸ ಮಾಡಲು ತೊಡಗಿದ ಮೇಲೆ, ಭುಜ ಸಿಕ್ಕಿದ ಮಕ್ಕಳಲ್ಲಿ ಹುಟ್ಟುವಾಗಿನ ಗಾಯದ ಪ್ರಮಾಣ ಶೇಕಡ 9.3ರಿಂದ 2.3ಕ್ಕೆ ಇಳಿಯಿತು.

ಬ್ರಿಸ್ಟಲ್ ಶ್ರೀಮಂತ ದೇಶದ ಊರು, ಅಲ್ಲಿಯ ಮಾತು ಇಲ್ಲಿಗೆ ಹೊಂದೀತೇ ಎಂದು ಕೇಳಬಹುದು. ನಮ್ಮದೇ ಬೆಳಗಾವಿ ಜಿಲ್ಲೆ ಅದಕ್ಕೆ ಉತ್ತರ ಕೊಟ್ಟಿದೆ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮತ್ತು ಆಸ್ಪತ್ರೆಗಳ 599 ಹೆರಿಗೆ ಸಿಬ್ಬಂದಿಗೆ ಶಿಶುಬೊಂಬೆ ಕೊಟ್ಟು, ಹೆಲ್ಪಿಂಗ್ ಬೇಬೀಸ್ ಬ್ರೀದ್ ಎಂಬ ಪಾಠಕ್ರಮದಲ್ಲಿ ತರಬೇತಿ ನೀಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆರಿಗೆಯ ಹೊತ್ತಿಗೇ ಜೀವ ಹೋದ ಶಿಶುಗಳ ಪ್ರಮಾಣ ಶೇಕಡ 1.7ರಿಂದ 0.9ಕ್ಕೆ ಇಳಿದಿತ್ತು. ಸತ್ತೇ ಹುಟ್ಟಿದವೆಂದು ಬರೆದಿಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಉಸಿರು ತುಂಬುವ ಕೈಗಳಷ್ಟೇ ಬೇಕಾಗಿದ್ದವು ಎಂಬುದೇ ಇದರ ಅತ್ಯಂತ ಸಹಜವಾದ ವಿವರಣೆ. ಅದೇ ಅಧ್ಯಯನದಲ್ಲಿ ಮೊದಲ 28 ದಿನಗಳ ಶಿಶುಮರಣ ಮಾತ್ರ ಬದಲಾಗಲಿಲ್ಲ. ಉಳಿಸಿಕೊಂಡ ಕೂಸಿಗೆ ಮುಂದಿನ ಆರೈಕೆಯೂ ಬೇಕೆಂದು ಇದು ನೆನಪಿಸುತ್ತದೆ. ಮೊದಲ ನಿಮಿಷದ ಕೌಶಲ ವ್ಯರ್ಥ ಎಂದು ಹೇಳುವುದಿಲ್ಲ.

ಆದರೆ ಸಾಕ್ಷ್ಯಗಳೆಲ್ಲ ಒಂದೇ ಕಡೆಗಿಲ್ಲ, ಎದುರು ಸಾಕ್ಷ್ಯವನ್ನು ಮುಚ್ಚಿಟ್ಟು ವಾದ ಮಾಡುವುದು ವಿಜ್ಞಾನವಲ್ಲ. ಟಾಂಜಾನಿಯದ ಹೈಡಮ್ ಎಂಬ ಗ್ರಾಮೀಣ ಆಸ್ಪತ್ರೆಯಲ್ಲಿ ಇದೇ ಪಾಠಕ್ರಮವನ್ನು ಒಂದು ದಿನದ ಶಿಬಿರವಾಗಿ ನಡೆಸಿದರು. ಬೊಂಬೆಯ ಮುಂದೆ ಸಿಬ್ಬಂದಿಯ ಕೈಚಳಕ ಸುಧಾರಿಸಿತು, ನಿಜವಾದ ಕೂಸಿನ ಮುಂದೆ ಏನೂ ಬದಲಾಗಲಿಲ್ಲ. ಸ್ಕಾಟ್ಲೆಂಡಿನ ಹನ್ನೆರಡು ಹೆರಿಗೆ ಘಟಕಗಳಲ್ಲಿ, ಬ್ರಿಸ್ಟಲ್‌ನ ಪಾಠವನ್ನು ಕೆಲವರಿಗೆ ಕಲಿಸಿ ಅವರಿಂದ ಉಳಿದವರಿಗೆ ಹರಡಿಸಲು ನೋಡಿದರು. ಶಿಶುಗಳ ಸ್ಥಿತಿಯಲ್ಲಿ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ನಡೆದ ಬೆಟರ್‌ಬರ್ತ್ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಅಲ್ಲಿ ಸುರಕ್ಷಿತ ಹೆರಿಗೆಯ ತಪಾಸಣಾ ಪಟ್ಟಿಯನ್ನು ಬಳಸಲು ಸಿಬ್ಬಂದಿಗೆ ಮಾರ್ಗದರ್ಶನ ಕೊಟ್ಟಿದ್ದರು. ಮಾಡಬೇಕಾದ ಕೆಲಸಗಳನ್ನು ಮಾಡುವ ಪ್ರಮಾಣ ಎರಡನೆಯ ತಿಂಗಳಲ್ಲಿ ಶೇಕಡ 73 ಮುಟ್ಟಿತ್ತು. ಮಾರ್ಗದರ್ಶನವಿಲ್ಲದ ಆಸ್ಪತ್ರೆಗಳಲ್ಲಿ ಅದು ಶೇಕಡ 42. ಆದರೂ ತಾಯಿ-ಶಿಶುಗಳ ಸಾವಿನಲ್ಲಿ ವ್ಯತ್ಯಾಸ ಬರಲಿಲ್ಲ, ಮಾರ್ಗದರ್ಶಕರ ಭೇಟಿ ನಿಂತ ಮೇಲೆ ಗಳಿಸಿದ್ದೂ ಕರಗತೊಡಗಿತು. ಇವನ್ನು ಓದಿ ತರಬೇತಿಯೇ ದಂಡ ಎನ್ನುವವರಿದ್ದಾರೆ.

ನಾನು ಬೇರೆಯೇ ತೀರ್ಮಾನಕ್ಕೆ ಬರುತ್ತೇನೆ, ಅದಕ್ಕೆ ಆಧಾರ ಹೈಡಮ್ಮಿನಲ್ಲೇ ಇದೆ. ಒಂದು ದಿನದ ಶಿಬಿರ ಸೋತ ಅದೇ ಆಸ್ಪತ್ರೆಯಲ್ಲಿ ಮುಂದೆ ಬೊಂಬೆಯನ್ನು ಹೆರಿಗೆ ಕೋಣೆಯಲ್ಲೇ ಇಟ್ಟು, ಕೆಲಸದ ನಡುವೆಯೇ ಚಿಕ್ಕಚಿಕ್ಕ ಅಭ್ಯಾಸಗಳನ್ನು ಪದೇ ಪದೇ ಮಾಡಿಸಿದರು. ಆಗ ಮೊದಲ 24 ಗಂಟೆಗಳ ಶಿಶುಮರಣ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಬೊಂಬೆ ಅದೇ, ಪಾಠ ಅದೇ, ಆಸ್ಪತ್ರೆಯೂ ಅದೇ. ಬದಲಾದದ್ದು ಅಭ್ಯಾಸದ ಜಾಗ ಮತ್ತು ಆವರ್ತನ. ಗೆದ್ದ ಉದಾಹರಣೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ ಹೋಲಿಕೆ ಕಾಣುತ್ತದೆ. ಬ್ರಿಸ್ಟಲ್‌ನಲ್ಲಿ ತಾಲೀಮು ಆ ಆಸ್ಪತ್ರೆಯೊಳಗೇ ನಡೆಯಿತು, ವೈದ್ಯರೂ ನರ್ಸ್‌ಗಳೂ ಒಟ್ಟಿಗೆ ಮಾಡಿದರು, ಒಬ್ಬರನ್ನೂ ಬಿಡಲಿಲ್ಲ. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗದಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳು, ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರು ಇದ್ದರು. ಸುರಿದ ರಕ್ತವನ್ನು ಅಳೆಯುವ ಗುರುತಿನ ಚೀಲ, ಗರ್ಭಕೋಶ ಉಜ್ಜುವುದರಿಂದ ಹಿಡಿದು ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲದವರೆಗಿನ ಚಿಕಿತ್ಸೆಯನ್ನು ಒಟ್ಟಿಗೇ ಶುರುಮಾಡುವ ನಿಯಮ, ಕೆಲಸದ ಜಾಗದಲ್ಲೇ ಸಿಮ್ಯುಲೇಷನ್ ತಾಲೀಮು, ಇವನ್ನು ಕೂಡಿಸಿ ಕೊಟ್ಟರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು, ಈ ಮೂರರಲ್ಲಿ ಒಂದಕ್ಕೆ ಈಡಾದವರು ಮಾಮೂಲಿ ಆರೈಕೆಯ ಆಸ್ಪತ್ರೆಗಳಲ್ಲಿ ಶೇಕಡ 4.3, ಈ ಆಸ್ಪತ್ರೆಗಳಲ್ಲಿ ಶೇಕಡ 1.6. ಅಳೆಯುವ ಚೀಲದ ಕಥೆಯಲ್ಲೂ ಬೆಳಗಾವಿ ಇದೆ. ಕಣ್ಣಂದಾಜಿನ ಲೆಕ್ಕ ಚೀಲದ ಅಳತೆಗಿಂತ ಶೇಕಡ 33ರಷ್ಟು ಕಡಿಮೆ ಬರುತ್ತದೆಂದು 2006ರಲ್ಲಿ ತೋರಿಸಿದ ಅಧ್ಯಯನ ನಡೆದದ್ದು ಅಲ್ಲಿಯೇ. ಸೋತ ಪ್ರಯೋಗಗಳು ತರಬೇತಿ ಬೇಡವೆನ್ನುತ್ತಿಲ್ಲ. ಒಮ್ಮೆ ಮಾತ್ರ ಕೊಟ್ಟ, ಬೇರೆಯವರ ಮೂಲಕ ಹರಡಿದ, ಗಂಡಾಂತರದ ಕೌಶಲವನ್ನು ಮುಟ್ಟದೆ ದಿನಚರಿಯನ್ನಷ್ಟೇ ತಿದ್ದಿದ ತರಬೇತಿ ಸಾಲದು ಎನ್ನುತ್ತಿವೆ.

ಹಾಗಾದರೆ ಮಂಡ್ಯ ಜಿಲ್ಲೆಗೆ ಏನು ಬೇಕು? ಜಿಲ್ಲಾ ಕೇಂದ್ರದಲ್ಲೊಂದು ಹವಾನಿಯಂತ್ರಿತ ಕೋಣೆ, ಅದರ ತುಂಬ ದುಬಾರಿ ಬೊಂಬೆಗಳು, ವರ್ಷಕ್ಕೊಮ್ಮೆ ತಾಲ್ಲೂಕುಗಳಿಂದ ನರ್ಸ್‌ಗಳನ್ನು ಕರೆಸಿ ಪ್ರಮಾಣಪತ್ರ ಕೊಟ್ಟು ಕಳಿಸುವುದು. ಆಡಳಿತಕ್ಕೆ ಸುಲಭವಾದದ್ದು ಈ ದಾರಿ, ಸಾಕ್ಷ್ಯ ತೋರುವ ದಾರಿ ಇದಲ್ಲ. ಕೌಶಲ ಪ್ರಯೋಗಾಲಯ ಬೇಡವೆಂದಲ್ಲ. ಹೊಸದಾಗಿ ನೇಮಕವಾದ ನರ್ಸ್ ಮೊದಲ ಅಕ್ಷರ ತಿದ್ದುವುದು ಮಿಮ್ಸ್‌ನಂಥ ಬೋಧನಾ ಆಸ್ಪತ್ರೆಯಲ್ಲಾಗಲಿ. ಆದರೆ ಅಲ್ಲಿಂದ ಮದ್ದೂರಿಗೋ ಮಳವಳ್ಳಿಗೋ ಹೋದ ಮೇಲೆ, ಅಲ್ಲಿಯ ಹೆರಿಗೆ ಕೋಣೆಯಲ್ಲಿ, ಅಲ್ಲಿಯದೇ ಟ್ರಾಲಿ, ಅಲ್ಲಿಯದೇ ಆಯಾ, ಅಲ್ಲಿಯದೇ ರಾತ್ರಿ ಪಾಳಿಯ ವೈದ್ಯರ ಜೊತೆ ವಾರಕ್ಕೊಂದು ಸಲ ಹದಿನೈದು-ಇಪ್ಪತ್ತು ನಿಮಿಷ ತಾಲೀಮು ನಡೆಯಬೇಕು. ಒಂದು ವಾರ ರಕ್ತಸ್ರಾವ, ಮುಂದಿನ ವಾರ ಉಸಿರಾಡದ ಕೂಸು, ಆಮೇಲೆ ಫಿಟ್ಸ್, ಆಮೇಲೆ ಸಿಕ್ಕಿದ ಭುಜ. ಬೋಧನಾ ಆಸ್ಪತ್ರೆಯ ಅನುಭವಿ ನರ್ಸ್ ಒಬ್ಬರು ಆಗಾಗ ಬಂದು ಜೊತೆಗೆ ನಿಂತು ತಿದ್ದಬೇಕು. ಇದು ಕನಸಲ್ಲ, ಉತ್ತರ ಕರ್ನಾಟಕದಲ್ಲಿ ಸುಕ್ಷೇಮ ಯೋಜನೆ ಬಳ್ಳಾರಿ, ಕಲಬುರಗಿ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮಾರ್ಗದರ್ಶಿ ನರ್ಸ್‌ಗಳನ್ನು ಕಳಿಸಿ, ಅವರು ಹೋಗದ ಕೇಂದ್ರಗಳೊಡನೆ ಹೋಲಿಸಿ ನೋಡಿದೆ. ಮಾರ್ಗದರ್ಶಿ ಬಂದ ಕಡೆ ಕೇಂದ್ರದ ಸಜ್ಜು, ಸಿಬ್ಬಂದಿಯ ತಯಾರಿ ಎರಡೂ ಉತ್ತಮಗೊಂಡವು. ಕೇಂದ್ರ ಸರ್ಕಾರದ 2015ರ ದಕ್ಷತಾ, 2017ರ ಲಕ್ಷ್ಯ ಕಾರ್ಯಕ್ರಮಗಳು ಹೆರಿಗೆ ಕೋಣೆಯ ಗುಣಮಟ್ಟವನ್ನೇ ಗುರಿಯಾಗಿಟ್ಟುಕೊಂಡಿವೆ. ಚೌಕಟ್ಟು ಇದೆ, ಅದರೊಳಗೆ ವಾರದ ತಾಲೀಮನ್ನು ಕೂರಿಸಬೇಕು.

ಸಿಬ್ಬಂದಿಯೇ ಸಾಲದಿರುವಾಗ ತಾಲೀಮಿಗೆ ಹೊತ್ತೆಲ್ಲಿ ಎಂಬುದು ನ್ಯಾಯವಾದ ಆಕ್ಷೇಪ. ಒಬ್ಬರೇ ನರ್ಸ್ ಹೆರಿಗೆ ಕೋಣೆಯನ್ನೂ ಬಾಣಂತಿಯರ ವಾರ್ಡನ್ನೂ ನೋಡಿಕೊಳ್ಳುವ ರಾತ್ರಿಗಳಿವೆ, ಆ ಕೊರತೆಯನ್ನು ತಾಲೀಮು ನೀಗಿಸುವುದಿಲ್ಲ. ಖಾಲಿ ಹುದ್ದೆ ತುಂಬಬೇಕಾದದ್ದು ಸರ್ಕಾರ. ಆದರೆ ನರ್ಸ್‌ಗಳನ್ನು ಮೂರು ದಿನ, ವಾರಗಟ್ಟಲೆ ಬೇರೆ ಊರಿಗೆ ಕರೆಸುವ ಶಿಬಿರಗಳು ವಾರ್ಡನ್ನು ಬರಿದು ಮಾಡುತ್ತವೆ. ಪಾಳಿ ಬದಲಾಗುವ ಹೊತ್ತಿನ ಇಪ್ಪತ್ತು ನಿಮಿಷದ ಅಭ್ಯಾಸ ಹಾಗೆ ಮಾಡುವುದಿಲ್ಲ. ಎರಡನೆಯ ಆಕ್ಷೇಪ, ಬೊಂಬೆ ಹೆಂಗಸಲ್ಲ ಎಂಬುದು. ನಿಜ. ಬೊಂಬೆಯ ಮೇಲೆ ಕೈ ಪಳಗಿಸಿಕೊಂಡವರು ನೋವು ತಿನ್ನುವ ಜೀವವನ್ನೂ ಬೊಂಬೆಯಂತೆ ಕಂಡರೆ ಅದು ದೊಡ್ಡ ಸೋಲು. ಅದಕ್ಕೇ ಮನುಷ್ಯರೇ ಬಾಣಂತಿಯ ಪಾತ್ರ ಮಾಡುವ ತಾಲೀಮು ಲೇಸು. ನನಗೆ ಏನಾಗುತ್ತಿದೆ ಎಂದು ಆಕೆ ಕೇಳುತ್ತಾಳೆ, ನರ್ಸ್ ಉತ್ತರ ಹೇಳಲೇಬೇಕು. ಕೊನೆಗೆ ಮಾತುಕತೆಗೆ ಕೂತಾಗ, ನಿಮ್ಮ ಕೈ ನನಗೆ ಧೈರ್ಯ ಕೊಟ್ಟಿತೋ ಹೆದರಿಸಿತೋ ಎಂದು ಹೇಳುವವಳೂ ಆಕೆಯೇ. ಗದರುವ ಹೆರಿಗೆ ಕೋಣೆಯನ್ನು ತಿದ್ದಲು ಇದು ಒಂದು ದಾರಿ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ರಕ್ತನಿಧಿ ದೂರವಿದ್ದರೆ, ಔಷಧವೇ ಕೆಟ್ಟಿದ್ದರೆ ಪಳಗಿದ ಕೈಯಿಂದೇನು? 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಅವರ ರಕ್ತನಾಳಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರವದ ಗುಣಮಟ್ಟದ ಮೇಲೆ ಪ್ರಶ್ನೆಗಳು ಎದ್ದವು. ಅಂಥ ದುರಂತವನ್ನು ಯಾವ ನರ್ಸಿನ ಕೌಶಲವೂ ತಡೆಯಲಾರದು, ವ್ಯವಸ್ಥೆಯ ತಪ್ಪನ್ನು ನರ್ಸಿನ ತಲೆಗೆ ಕಟ್ಟಲು ತರಬೇತಿಯನ್ನು ನೆಪ ಮಾಡಿಕೊಳ್ಳಲೂಬಾರದು. ಆದರೆ ಕೆಲಸದ ಜಾಗದಲ್ಲಿ ನಡೆಯುವ ತಾಲೀಮಿಗೆ ಇನ್ನೊಂದು ಶಕ್ತಿ ಇದೆ: ಅದು ನರ್ಸನ್ನು ಪರೀಕ್ಷಿಸುವುದಕ್ಕಿಂತ ಮೊದಲು ಆಸ್ಪತ್ರೆಯನ್ನು ಪರೀಕ್ಷಿಸುತ್ತದೆ. ಆಕ್ಸಿಟೋಸಿನ್ ಇಟ್ಟ ಫ್ರಿಜ್ ಬೇರೆ ಕೋಣೆಯಲ್ಲಿದ್ದು ಅದರ ಬೀಗದ ಕೈ ಹಗಲು ಪಾಳಿಯವರ ಬಳಿ ಇರುವುದು, ಮಾಸ್ಕ್‌ನ ಅಳತೆ ಕೂಸಿಗೆ ಹೊಂದದಿರುವುದು, ಆಮ್ಲಜನಕದ ಸಿಲಿಂಡರ್ ಖಾಲಿಯಿರುವುದು, ಇಂಥ ಕೊರತೆಗಳು ಸಾಮಾನ್ಯವಾಗಿ ಹೊರಬೀಳುವುದು ಒಂದು ಸಾವಿನ ನಂತರದ ತನಿಖೆಯಲ್ಲಿ. ತಾಲೀಮಿನಲ್ಲಿ ಅವು ಯಾರೂ ಸಾಯದೆ ಹೊರಬೀಳುತ್ತವೆ. ಅದರ ಟಿಪ್ಪಣಿ ಆಸ್ಪತ್ರೆಯ ಆಡಳಿತಾಧಿಕಾರಿಯ ಮೇಜಿಗೆ ಹೋಗಿ, ಮುಂದಿನ ತಾಲೀಮಿನೊಳಗೆ ಸರಿಯಾಗಬೇಕೆಂಬ ನಿಯಮ ಇದ್ದರೆ, ಪಳಗಿದ ಕೈ ವ್ಯವಸ್ಥೆಯನ್ನೂ ತಿದ್ದುತ್ತದೆ.

ಫಲವನ್ನು ಅಳೆಯುವುದು ಹೇಗೆಂಬ ಪ್ರಶ್ನೆ ಉಳಿಯುತ್ತದೆ. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ತಾಯಂದಿರ ಸಾವು ಎಷ್ಟು ಅಪರೂಪವೆಂದರೆ, ಒಂದು ವರ್ಷ ಒಂದೂ ಆಗದಿರುವುದು ಕೌಶಲವೋ ಅದೃಷ್ಟವೋ ಹೇಳಲಾಗುವುದಿಲ್ಲ. ಆದ್ದರಿಂದ ಸಾವುಗಳನ್ನು ಎಣಿಸುತ್ತ ಕೂರದೆ ನಿಮಿಷಗಳನ್ನು ಎಣಿಸಬೇಕು: ರಕ್ತಸ್ರಾವ ಗುರುತಿಸಿದ ಮೇಲೆ ಮೊದಲ ಔಷಧ ಎಷ್ಟು ನಿಮಿಷಕ್ಕೆ ಹೋಯಿತು, ಅಳದ ಕೂಸಿಗೆ ಮೊದಲ ಗಾಳಿ ಎಷ್ಟು ಸೆಕೆಂಡಿಗೆ ಸಿಕ್ಕಿತು, ಮಂಡ್ಯಕ್ಕೆ ಕಳಿಸಿದ ಎಷ್ಟು ಮಂದಿಗೆ ಹೊರಡುವ ಮುನ್ನ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಿತ್ತು. ಇವು ತಿಂಗಳೊಪ್ಪತ್ತಿನಲ್ಲೇ ಕಣ್ಣಿಗೆ ಕಾಣುವ ಅಳತೆಗಳು, ಸಿಬ್ಬಂದಿ ತಾವೇ ಬರೆದಿಟ್ಟುಕೊಂಡು ತಾವೇ ತಿದ್ದಿಕೊಳ್ಳಬಹುದಾದ ಅಳತೆಗಳು. ಇವನ್ನು ದಂಡಿಸಲು ಬಳಸಿದ ದಿನ ಪುಸ್ತಕದಲ್ಲಿ ಸುಳ್ಳು ಲೆಕ್ಕ ಬೀಳುತ್ತದೆ, ತಾಲೀಮು ನಾಟಕವಾಗುತ್ತದೆ.

ಹೊಸ ನರ್ಸನ್ನು ತರಬೇತಿ ಪಡೆದವರು ಎಂದು ಕರೆಯಲು ಇಂದು ಕಡತದಲ್ಲಿರುವ ಒಂದು ಪ್ರಮಾಣಪತ್ರ ಸಾಕು. ಕೌಶಲ ತಿಂಗಳುಗಳಲ್ಲಿ ಮಾಸುತ್ತದೆ ಎಂಬುದು ಸಾಬೀತಾಗಿರುವಾಗ ಹಳೆಯ ಪ್ರಮಾಣಪತ್ರ ಆ ರಾತ್ರಿಯ ಬಾಣಂತಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಮದ್ದೂರು, ಮಳವಳ್ಳಿಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು, ಜಿಲ್ಲೆಯ ಆರೋಗ್ಯಾಧಿಕಾರಿಗಳು, ಮಗಳನ್ನು ಹೆರಿಗೆಗೆ ಕರೆತರುವ ತಂದೆತಾಯಿಯರು ಆಸ್ಪತ್ರೆಯನ್ನು ಕೇಳಬೇಕಾದದ್ದು ಇದನ್ನು: ಇಲ್ಲಿ ಕಳೆದ ತಾಲೀಮು ಎಂದು ನಡೆಯಿತು, ಅದರಲ್ಲಿ ಯಾವ ಕೊರತೆ ಕಂಡಿತು, ಅದನ್ನು ಸರಿಪಡಿಸಿದಿರಾ? ಈ ಮೂರು ಪ್ರಶ್ನೆಗಳಿಗೆ ವಾರವಾರವೂ ನೇರ ಉತ್ತರ ಸಿಗುವ ಆಸ್ಪತ್ರೆಯಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷದ ನರ್ಸ್ ಕೂಡ ಗಂಡಾಂತರದ ಮುಂದೆ ಒಬ್ಬಂಟಿಯಾಗಿ, ಮೊದಲ ಸಲವೆಂಬಂತೆ ನಿಲ್ಲಬೇಕಾಗುವುದಿಲ್ಲ.